ಒಂಬತ್ತನೆಯ ಹೆಸರು

ಸೇಡಂನಿಂದ ಚಿತ್ತಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ಲಾರಿಗಳ ಧೂಳು ಕೂತು ಜಾಲಿಗಿಡಗಳೆಲ್ಲ ಬೂದಿಬಣ್ಣಕ್ಕೆ ತಿರುಗಿದ ಒಂದು ತಿರುವಿನಲ್ಲಿ, ಗುಲಾಮ್ ರಸೂಲ್‌ನ ಕಾಟಾ ಇದೆ. ಕಾಟಾ ಎಂದರೆ ಲಾರಿ ತೂಗುವ ಜಾಗ. ನೆಲಮಟ್ಟಕ್ಕೆ ಹಾಸಿದ ಕಬ್ಬಿಣದ ತಗಡು, ಪಕ್ಕದಲ್ಲಿ ಒಂದು ಕೋಣೆ, ಕೋಣೆಯೊಳಗೆ ಕೆಂಪು ಅಂಕಿ ತೋರಿಸುವ ಪೆಟ್ಟಿಗೆ. ಎರಡೂವರೆ ವರ್ಷದಿಂದ ಆ ಪೆಟ್ಟಿಗೆಯ ಮುಂದೆ ಕೂರುವವನು ತೊಗರಿಹಾಳದ ದಶರಥ. ವಯಸ್ಸು ಮೂವತ್ತಾರು. ಕೂದಲನ್ನು ಇಂದಿಗೂ ಕಿವಿಯ ಮೇಲಕ್ಕೆ ಕತ್ತರಿಸುತ್ತಾನೆ. ಲಾರಿ ತಗಡಿನ ಮೇಲೆ ಬಂದು ನಿಂತರೆ, "ಡ್ರೈವರ್ ಇಳೀರಿ" ಎನ್ನುತ್ತಾನೆ. ಡ್ರೈವರನ ತೂಕ ಕಲ್ಲಿನ ತೂಕದಲ್ಲಿ ಸೇರಬಾರದು. ದಿನಕ್ಕೆ ಎಂಬತ್ತು ಸಲ ಅದೇ ಮಾತು. ಕೆಲವು ದಿನ ಅದನ್ನು ಬಿಟ್ಟು ಬೇರೆ ಮಾತೇ ಅವನ ಬಾಯಿಂದ ಬರುವುದಿಲ್ಲ.

ಅವನಿಗೆ ಈ ಕೆಲಸ ಸಿಕ್ಕಿದ್ದು ಒಂದು ಪುಸ್ತಕವನ್ನು ತೋರಿಸದೆ ಇದ್ದುದರಿಂದ. ಸೈನ್ಯದಿಂದ ಹೊರಬಂದವರ ಕೈಯಲ್ಲಿ ಡಿಸ್ಚಾರ್ಜ್ ಬುಕ್ ಇರುತ್ತದೆ. ಕಾವಲು ಕೆಲಸ ಕೊಡುವವರು ಮೊದಲು ಅದನ್ನೇ ಕೇಳುತ್ತಾರೆ. ಎರಡು ಕಡೆ ಅವನು ಅದನ್ನು ಕೊಟ್ಟ. ಎರಡೂ ಕಡೆ ಮೇಜಿನ ಆಚೆಯವರು ಒಂದು ಹಾಳೆಯಲ್ಲಿ ನಿಂತರು. ಹದಿನಾಲ್ಕು ವರ್ಷ ಎರಡು ತಿಂಗಳ ಸೇವೆಯ ಕೊನೆಗೆ 'ಇನ್ನು ಸೇವೆಯ ಅಗತ್ಯವಿಲ್ಲ' ಎಂಬ ಒಂದೇ ಸಾಲಿದ್ದ ಹಾಳೆ ಅದು. ಪಿಂಚಣಿಗೆ ಹದಿನೈದು ವರ್ಷ ತುಂಬಬೇಕೆಂಬುದು ಅವರಿಗೂ ಗೊತ್ತು. ಹತ್ತು ತಿಂಗಳು ಉಳಿದಿರುವಾಗ ಸೈನ್ಯ ಯಾರನ್ನೂ ಸುಮ್ಮನೆ ಬಿಡುವುದಿಲ್ಲ. ಪುಸ್ತಕ ಮರಳಿ ಅವನ ಕೈಗೆ ಬಂತು. ಗುಲಾಮ್ ರಸೂಲ್ ಮಾತ್ರ ಅದನ್ನು ಕೇಳಲೇ ಇಲ್ಲ.

"ಫೌಜಿ ಅಂದ್ಯಲ್ಲ, ಸಾಕು ಭಾಯ್. ಲಾರಿ ತೂಗಾಕ ನಿನ್ನ ಜಾತಕ ಯಾಕ ಬೇಕು? ನೀ ಏನು ಲಾರಿ ಜೋಡಿ ಲಗ್ನ ಆಗಾಂವ ಇದ್ದೀ?"

ದಶರಥ ನಕ್ಕಿದ್ದ. ಎಲ್ಲಿ ನಗಬೇಕೆಂಬುದು ಅವನಿಗೆ ಬ್ಯಾರಕ್ಕಿನಲ್ಲೇ ರೂಢಿಯಾಗಿತ್ತು.

ಅವನು ಸೈನ್ಯ ಸೇರಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಲಬುರಗಿಯಲ್ಲಿ ನಡೆದ ಭರತಿಯಲ್ಲಿ. ಓಟದಲ್ಲಿ ನಾಲ್ಕನೆಯವನಾಗಿ ಬಂದಿದ್ದ. ತನ್ನ ಬಗ್ಗೆ ಅವನಿಗೆ ಆಗಲೇ ತಿಳಿದಿತ್ತು. ಆದರೆ ಅದು ಮನೆಯ ಅಟ್ಟದಲ್ಲಿ ಇಟ್ಟು ಮರೆತ ಪಾತ್ರೆಯ ಹಾಗೆ ಇತ್ತು. ಇದೆ, ಇಳಿಸುವ ಅಗತ್ಯವಿಲ್ಲ. ಒಂಬತ್ತು ವರ್ಷ ಇಳಿಸಲಿಲ್ಲ. ಆಮೇಲೆ ನಾಂದೇಡದ ಕಡೆಯ ನಾಮದೇವ ಅದೇ ಪಲ್ಟನ್ನಿಗೆ ಬಂದ. ವೈರ್‌ಲೆಸ್ ನೋಡಿಕೊಳ್ಳುವ ಹುದ್ದೆ ಅವನದು. ಮೆಲುಮಾತು, ಎಡಗಾಲಿನಲ್ಲಿ ಹಳೆಯ ನೋವು. ಮುಂದಿನದನ್ನು ದಶರಥ ಯಾರಿಗೂ ಹೇಳಿಲ್ಲ, ತನಗೆ ತಾನೂ ಹೇಳಿಕೊಂಡಿಲ್ಲ.

ಎರಡು ಸಾವಿರದ ಹದಿನೆಂಟರ ಸೆಪ್ಟೆಂಬರಿನಲ್ಲಿ, ಇಬ್ಬರು ಗಂಡಸರು ಕೂಡುವುದು ಇನ್ನು ಅಪರಾಧವಲ್ಲವೆಂದು ದೇಶದ ದೊಡ್ಡ ಕೋರ್ಟು ಹೇಳಿದ ದಿನ, ಊಟದ ಸಾಲಿನಲ್ಲಿ ಯಾರೋ ಕೂಗಿದ: ಇವತ್ತಿನಿಂದ ಎಲ್ಲರೂ ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಂಡು ಮಲಗಿರಿ. ಸಾಲಿಗೆ ಸಾಲೇ ನಕ್ಕಿತು. ದಶರಥ ಎಲ್ಲರಿಗಿಂತ ಒಂದು ಉಸಿರು ಹೆಚ್ಚು ನಕ್ಕ. ಎದುರಿನ ಸಾಲಿನಲ್ಲಿ ನಾಮದೇವನೂ ನಗುತ್ತಿದ್ದ, ತಟ್ಟೆಯನ್ನೇ ನೋಡುತ್ತ.

ನಾಲ್ಕು ವರ್ಷದ ಮೇಲೆ ಮೊಬೈಲುಗಳ ತಪಾಸಣೆ ನಡೆಯಿತು. ಹುಡುಕುತ್ತಿದ್ದುದು ನಿಷೇಧಿಸಿದ ಫೋಟೋಗಳಿಗಾಗಿ. ಸಿಕ್ಕಿದ್ದು ಇಬ್ಬರ ನಡುವಿನ ನಾಲ್ಕುನೂರು ಸಂದೇಶ. ಮುನ್ನೂರ ತೊಂಬತ್ತರಲ್ಲಿ ಊಟ, ರಜೆ, ಕಾಲುನೋವು. ಉಳಿದ ಹತ್ತು ಸಾಕಾದವು. ವಿಚಾರಣೆ ಮಾಡಿದ ಅಧಿಕಾರಿ ಒಳ್ಳೆಯ ಮನುಷ್ಯ, ಧ್ವನಿ ಎತ್ತಲಿಲ್ಲ. ಕೋರ್ಟಿನ ತೀರ್ಪು ಗೇಟಿನ ಹೊರಗಿನದು, ಗೇಟಿನ ಒಳಗೆ ಸೈನ್ಯದ್ದೇ ಕಾಯದೆ ಎಂದು, ಬಸ್ಸಿನ ವೇಳೆ ತಿಳಿಸುವವರ ಹಾಗೆ ತಿಳಿಸಿದ. ನಾಮದೇವ ಹೇಳಿಕೆ ಕೊಟ್ಟ: ಬೆನ್ನು ಹತ್ತಿದವನು ಅವನೇ, ಮೇಲಿನವನೆಂಬ ಭಯಕ್ಕೆ ನಾನು ಸುಮ್ಮನಿದ್ದೆ. ಸಾಕ್ಷಿಗೆ ಕೇಳುವುದೇನಾದರೂ ಇದೆಯೇ ಎಂದು ಅಧಿಕಾರಿ ದಶರಥನನ್ನು ಕೇಳಿದ. ಕಾಲುನೋವು ಹೇಗಿದೆ ಎಂದು ಕೇಳಬೇಕೆನಿಸಿತು. ಇಲ್ಲ ಸಾಬ್ ಎಂದ. ನಾಮದೇವ ಇನ್ನೂ ಸೇವೆಯಲ್ಲಿದ್ದಾನೆ. ಹೋದ ವರ್ಷ ಅವನಿಗೆ ಹೆಣ್ಣುಮಗು ಹುಟ್ಟಿತು. ಫೋಟೋ ಯಾರದೋ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬಂದು ಹೋಯಿತು. ನೋಡಿ ತನ್ನೊಳಗೆ ಏನಾದರೂ ಆದೀತೆಂದು ದಶರಥ ಸ್ವಲ್ಪ ಹೊತ್ತು ಕಾದ. ಏನೂ ಆಗಲಿಲ್ಲ.

ಮನೆಗೆ ಬೆನ್ನುನೋವೆಂದು ತಿಳಿಸಿದ್ದ. ವಾಡಿ ಸ್ಟೇಷನ್ನಿನಲ್ಲಿ ಅಪ್ಪ ಅಮೃತಪ್ಪ ಕಾಯುತ್ತ ನಿಂತಿದ್ದ. ಅರವತ್ತೈದು ದಾಟಿದ ಮುದುಕ ಕಬ್ಬಿಣದ ಟ್ರಂಕನ್ನು ತಾನೇ ಹೆಗಲಿಗೇರಿಸಿದ.

"ನಡೀ ನಡೀ. ಬೆನ್ನು ನೋವು ಅಂತೀ, ಮತ್ತ ಟ್ರಂಕಿಗಿ ಕೈ ಹಾಕ್ತೀ! ಪಲ್ಟನ್ನ್ಯಾಗ ಬುದ್ಧಿ ಕಲಿಸ್ಲಿಲ್ಲೇನು?"

ಅಂದಿನಿಂದ ಆ ಬೆನ್ನುನೋವನ್ನು ಅವನು ಕಾಯಬೇಕಾಯಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಮನೆಯಲ್ಲಿ ಒಂದು ಕೊಡ ಎತ್ತಲಿಲ್ಲ. ತೊಗರಿಯ ಚೀಲಗಳನ್ನು ಅಪ್ಪನೇ ಹೊತ್ತು ಒಳಗಿಡುತ್ತಿದ್ದ. ನೆಟ್ಟಗಿದ್ದ ಬೆನ್ನಿನ ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಇಲ್ಲಿ ತೊಗರಿಹಾಳದ ಒಂದು ಪದ್ಧತಿಯನ್ನು ಹೇಳಬೇಕು. ಆ ಊರು ಕುರಕುಂಟಾದ ಆಚೆಗಿದೆ. ತೊಂಬತ್ತೊಂಬತ್ತರ ಯುದ್ಧದ ವರ್ಷ ಊರಿನ ಇಬ್ಬರು ಸೈನಿಕರಿಂದ ಕಾಗದ ಬರುವುದು ನಿಂತಿತ್ತು. ಆ ಆಗಸ್ಟ್ ಹದಿನೈದರಂದು ಶಾಲೆಯ ನರಸಿಂಹ ಮಾಸ್ತರರು ಧ್ವಜ ಏರಿಸಿದ ಮೇಲೆ, ತರಗತಿಯಲ್ಲಿ ಹಾಜರಿ ಕರೆದ ಹಾಗೆ, ತಮ್ಮ ಆ ಇಬ್ಬರು ಹಳೆಯ ವಿದ್ಯಾರ್ಥಿಗಳ ಹೆಸರು ಕರೆದರು. ಒಬ್ಬನ ತಾಯಿ, ಏನು ಹೇಳಬೇಕೆಂದು ತೋಚದೆ, "ಹಾಜರ್" ಎಂದಳು. ಮರುವಾರ ಎರಡೂ ಕಾಗದ ಬಂದವು. ಅಲ್ಲಿಂದ ಅದು ನೇಮವಾಯಿತು. ವರ್ಷಕ್ಕೆರಡು ಸಲ, ಧ್ವಜದ ಕೆಳಗೆ, ಸೈನ್ಯ ಸೇರಿದವರ ಹೆಸರು. ಪ್ರತಿ ಹೆಸರಿಗೂ ಅವನ ಮನೆಯವರ "ಹಾಜರ್". ನಿವೃತ್ತನಾಗಿ ಬಂದು ಎದುರಿಗೇ ನಿಂತಿದ್ದರೂ ತನ್ನ ಹೆಸರಿಗೆ ತಾನು ಉತ್ತರ ಕೊಡುವಂತಿಲ್ಲ. ಪಲ್ಟನ್ನಿನಲ್ಲಿ ಅವನು ಕೊಟ್ಟಾಯಿತು, ಇದು ಮನೆಯ ಸರದಿ. ತೀರಿಹೋದವನಿಗೂ ಮನೆಯವರು ಹಾಜರ್ ಎನ್ನುತ್ತಾರೆ. ಉತ್ತರ ಕೊಟ್ಟವರ ಕೈಗೆ ಪಂಚಾಯ್ತಿಯಿಂದ ಒಂದು ಬೂಂದಿ ಪೊಟ್ಟಣ. ಮುಂದೆ ಪಂಚಾಯ್ತಿ ಕಟ್ಟಡದ ಮುಂದೆ ಶಹಾಬಾದದ ಫರ್ಸಿಕಲ್ಲು ನಿಂತು, ಸೇರಿದ ವರ್ಷದ ಕ್ರಮದಲ್ಲಿ ಹೆಸರುಗಳು ಅದರ ಮೇಲೆ ಬಂದವು. ಒಟ್ಟು ಹದಿಮೂರು. ಒಂಬತ್ತನೆಯದು: ದಶರಥ ಅಮೃತಪ್ಪ. ಹದಿನಾರು ವರ್ಷ ಅಮೃತಪ್ಪ ಆ ಎರಡು ದಿನ ಕ್ಷೌರ ಮಾಡಿಸಿಕೊಂಡು, ತೊಳೆದ ಧೋತರ ಉಟ್ಟು, ಆ ಒಂದೇ ಮಾತಿಗಾಗಿ ಹೋಗಿ ನಿಲ್ಲುತ್ತಿದ್ದ.

ಹೋದ ದೀಪಾವಳಿಗೆ ಹವಾಲ್ದಾರ ರಮೇಶಕುಮಾರ ರಜೆಯ ಮೇಲೆ ಬಂದ. ಕಲ್ಲಿನ ಮೇಲೆ ಹನ್ನೊಂದನೆಯ ಹೆಸರು ಅವನದು. ಹೊಸದರಲ್ಲಿ ಬೂಟಿನ ಲೇಸು ಕಟ್ಟಲು ಕಲಿಸಿದವನು ದಶರಥನೇ. ಪಲ್ಟನ್ನಿನ ಸುದ್ದಿ ಪಲ್ಟನ್ನಿಗೆ ಮುಟ್ಟುತ್ತದೆ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಪಂಚಾಯ್ತಿ ಅಧ್ಯಕ್ಷ ವಿಠ್ಠಲರೆಡ್ಡಿಯ ಮುಂದೆ ಅವನು ಬಾಯಿಬಿಟ್ಟ: "ಬೆನ್ನು ನೋವೂ ಇಲ್ಲ, ಮಣ್ಣೂ ಇಲ್ಲ. ಅಂವ ಅಂಥಾಂವ ಅಂತ ಹೊರಗ ಹಾಕ್ಯಾರ. ಅವನ ಹೆಸರಿನ ಕೆಳಗ ನನ್ನ ಹೆಸರು ಅದ, ನಂಗ ಹೆಂಗ ಅನ್ನಸ್ಬೇಕು ಹೇಳ್ರಿ." ಸಂಜೆಯೊಳಗೆ ಸುದ್ದಿ ಊರು ಸುತ್ತಿ ಅಮೃತಪ್ಪನ ಕಟ್ಟೆಗೆ ಬಂತು.

ಮನೆಯಲ್ಲಿ ಜಗಳವಾಗಲಿಲ್ಲ. ಅಪ್ಪ ಮಗನೊಡನೆ ಮಾತು ನಿಲ್ಲಿಸಿದ. ಹೇಳುವುದಿದ್ದರೆ ಹೆಂಡತಿ ಸುಂದರಬಾಯಿಯ ಕಡೆ ತಿರುಗಿ, "ಅವಂಗ ಹೇಳು" ಎನ್ನುತ್ತಿದ್ದ. ಅವ್ವ ಒಂದೇ ಸಲ ಕೇಳಿದಳು, ರೊಟ್ಟಿ ಬಡಿಯುತ್ತ, ಮುಖ ಎತ್ತದೆ.

"ಖರೇನು?"

"ಹೂಂ ಯವ್ವ."

"ಔಷಧ ಏನರೆ...?"

"ಇಲ್ಲ. ಅದು ರೋಗ ಅಲ್ಲ."

ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ರಾಶಿ ಮುಗಿದು ತೊಗರಿ ಮನೆಗೆ ಬಂತು. ಅಮೃತಪ್ಪ ಚೀಲಗಳನ್ನು ಎತ್ತಲಿಲ್ಲ, ಬಾಗಿಲಲ್ಲಿ ಬಿಟ್ಟು ಒಳಗೆ ಹೋದ. ದಶರಥ ಒಂದೊಂದಾಗಿ ಹೊತ್ತು ಒಳಗಿಟ್ಟ. ಹನ್ನೊಂದು ಚೀಲ ಹೊತ್ತರೂ ಬೆನ್ನು ನೋಯಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ, ಚೀಲದಲ್ಲಿ ಉಳಿ ಸುತ್ತಿಗೆ ಹಾಕಿಕೊಂಡ ಒಬ್ಬ ಮುದುಕ ಕಾಟಾದ ಮುಂದೆ ಮೋಟರ್‌ಸೈಕಲ್ ನಿಲ್ಲಿಸಿದ. ಶಹಾಬಾದದ ನಬೀಸಾಬ್, ಗುಲಾಮ್ ರಸೂಲ್‌ನ ಹಳೆಯ ಪರಿಚಯ, ಕಲ್ಲಿನ ಮೇಲೆ ಅಕ್ಷರ ಕೆತ್ತುವವನು. ದಶರಥ ಚಹಾ ಬಗ್ಗಿಸಿ ಕೊಟ್ಟ.

"ಯಾ ಕಡಿಂದ ಸವಾರಿ?" ಗುಲಾಮ್ ರಸೂಲ್ ಕೇಳಿದ.

"ತೊಗರಿಹಾಳಕ್ಕ ಹೋಗಿದ್ನೆಪಾ. ಬರೀ ಪೆಟ್ರೋಲ್ ಸುಟ್ಟೆ." ನಬೀಸಾಬ್ ಬಸಿಗೆ ಸುರಿದು ಊದಿದ. "ಫೌಜಿನವರ ಕಲ್ಲು ಅದಲ್ಲ ಅಲ್ಲಿ, ನಾನೇ ಕೆತ್ತಿದ್ದು. ಅದರಾಗಿಂದ ಒಂದು ಹೆಸರು ತೆಗೀಬೇಕಂತ. ಯಾವನೋ ದಶರಥ ಅಂತ ಅದಾನಂತ."

ಗುಲಾಮ್ ರಸೂಲ್ ಕೆಮ್ಮಿದ. ನಬೀಸಾಬ್‌ಗೆ ಅದು ಕೇಳಿಸಲಿಲ್ಲ.

"ಏನು ಮಾಡ್ಯಾನ ಅಂತ ಕೇಳಿದೆ. ಬಂದೂಕು ಮಾರ್ಯಾನೇನು? ಅಲ್ಲ ಅಂದ್ರು. ಖೂನಿ? ಅಲ್ಲ. ಓಡಿ ಬಂದಾನೇನು? ಅದೂ ಅಲ್ಲ. ಮತ್ತೇನ್ರೆಪಾ ಅಂದ್ರ ಎಲ್ಲಾರೂ ನೆಲ ನೋಡ್ತಾರ. ಹುಲಿಯಂಥಾ ರೆಡ್ಡಿ, ಹೊಸಾ ಸೊಸಿಹಂಗ ನೆಲ ನೋಡಾಕತ್ತಾನ!"

"ಮತ್ತ ತೆಗದ್ರೇನ್ರಿ?" ಎಂದು ಕೇಳಿದವನು ದಶರಥ.

"ಎಲ್ಲಿಂದ ತೆಗೀಲಿ ತಮ್ಮಾ? ಫರ್ಸಿ ಅಂದ್ರ ಉಳ್ಳಾಗಡ್ಡಿ ಇದ್ದಂಗ, ಪದರಿನ ಮ್ಯಾಲ ಪದರು. ಕೆತ್ತೋದು ಸಲೀಸು. ಕೆತ್ತಿದ್ದು ತೆಗೀಲಿಕ್ಕ ಹೋದ್ರ ಮ್ಯಾಲಿನ ಪದರು ಇಡೀ ಎದ್ದು ಬರ್ತದ. ಕೆಳಗ ಹತ್ತನೇ ಹೆಸರು ಬರಫಿನ್ಯಾಗ ಸತ್ತ ಹುಡುಗಂದು. ಅದೂ ಹೋಗ್ತದ ಅಂದೆ. ಅಷ್ಟರಾಗ ಆ ಹುಡುಗನ ತಾಯಿ ಕೈಯಾಗ ಕಸಬರಿಗಿ ಹಿಡಕೊಂಡು ಬಂದ್ಲು ನೋಡು! 'ನನ್ನ ಮಗನ ಹೆಸರಿಗಿ ಉಳಿ ತಾಕಿದ್ರ ನಿನ್ನ ಗಡ್ಡಕ್ಕ ಬೆಂಕಿ ಹಚ್ಚತೀನಿ ಮುದುಕಾ' ಅಂದ್ಲು. ಸಿಮೆಂಟ್ ತುಂಬಂದ್ರು ರೆಡ್ಡಿಯವ್ರು. ತುಂಬ್ತೀನಿ, ಆದ್ರ ಕರಿ ಕಲ್ಲಿನ್ಯಾಗ ಬಿಳಿ ಅಕ್ಷರ ಮೂರು ಮೈಲಿನಿಂದ ಕಾಣ್ತಾವ, ಉಳದ ಹನ್ನೆರಡಕ್ಕಿಂತ ಅದೊಂದೇ ಎದ್ದು ಕಾಣ್ತದ ಅಂದೆ. ಬ್ಯಾಡ ಬಿಡು ಅಂದ್ರು. ಓದೋ ಮುಂದ ಆ ಹೆಸರು ಬಿಟ್ಟು ಓದಸ್ತಾರಂತ."

ದಶರಥ ಖಾಲಿ ಬಸಿಯನ್ನು ತೆಗೆದುಕೊಂಡ.

"ಆ ಹೆಸರು ಕೆತ್ತಿದ ದಿನ ನಂಗ ಚಲೋ ನೆನಪದ," ನಬೀಸಾಬ್ ಮುಂದುವರಿಸಿದ. "ಅವರಪ್ಪ ಬೆಳಗಿನಿಂದ ನನ್ನ ತಲೀ ಮ್ಯಾಲ ಛತ್ರಿ ಹಿಡಕೊಂಡು ನಿಂತಿದ್ದ. ಏಪ್ರಿಲ್ ಬಿಸಲು. ಕುಂದ್ರೋ ಮಾರಾಯಾ ಅಂದ್ರ ಕುಂದರಲಿಲ್ಲ. ನಿಮ್ಮ ಬೆವರು ಅಕ್ಷರದಾಗ ಬಿದ್ದೀತು ಅಂತಾನ!"

ಒಂದು ಲಾರಿ ತಗಡಿನ ಮೇಲೆ ಬಂದು ನಿಂತಿತು. ದಶರಥ ಎದ್ದು ಹೋಗಿ, "ಡ್ರೈವರ್ ಇಳೀರಿ" ಎಂದ. ಛತ್ರಿಯ ಮಾತನ್ನು ಅಪ್ಪ ಯಾವತ್ತೂ ಹೇಳಿರಲಿಲ್ಲ. ಅಂಕಿಗಳು ಏರುತ್ತ ಹೋಗಿ ಒಂದು ಕಡೆ ನಿಂತವು, ಅವನು ಬರೆದುಕೊಂಡ. ಹೆಸರು ಇದ್ದರೇನು, ಹೋದರೇನು ಎಂದು ತನ್ನೊಳಗೆ ಕೇಳಿಕೊಂಡ. ಆದರೂ ಆ ಸಂಜೆ, ಜನವರಿ ಇಪ್ಪತ್ತಾರಕ್ಕೆ ಅರ್ಧ ದಿನ ರಜೆ ಬೇಕೆಂದು ಗುಲಾಮ್ ರಸೂಲ್‌ಗೆ ಹೇಳಿದ. ಹದಿನಾಲ್ಕು ವರ್ಷಕ್ಕೆ ಊರು ಕೊಟ್ಟಿದ್ದು ವರ್ಷಕ್ಕೆರಡು ಸಲದ ಒಂದು ಕೂಗು. ಅದನ್ನು ಬಿಡುವುದೇ ಆದರೆ ಎದುರಿಗೆ ನಿಂತು ನೋಡಬೇಕೆಂದಷ್ಟೇ ಅವನಿಗಿತ್ತು.

ನರಸಿಂಹ ಮಾಸ್ತರರಿಗೆ ಈಗ ಎಂಬತ್ತೆರಡು. ಕಣ್ಣು ಹೋಗಿ ಐದು ವರ್ಷವಾಗಿದೆ. ಕಲ್ಲನ್ನು ಓದಲಾರರು, ಹದಿಮೂರು ಹೆಸರನ್ನೂ ಬಾಯಿಪಾಠ ಹೇಳುತ್ತಾರೆ. ಎಳವೆಯಿಂದ ಬೆಳಗಿನ ಸ್ತೋತ್ರಗಳನ್ನು ಹೇಳಿ ಬಂದ ನಾಲಿಗೆ ಅದು. ಒಂದು ನಾಮ ಇನ್ನೊಂದರ ಕೈ ಹಿಡಿದು ಬರುತ್ತದೆ. ಒಂಬತ್ತನೆಯದನ್ನು ಬಿಡಬೇಕೆಂದು ಅಧ್ಯಕ್ಷ ಮನೆಗೇ ಹೋಗಿ ಹೇಳಿದಾಗ ಅವರು ಕಾರಣ ಕೇಳಿದರು. ಕಾರಣ ಕೇಳಿ, "ನಾರಾಯಣ, ನಾರಾಯಣ" ಎಂದು ಒಪ್ಪಿಕೊಂಡರು. ಮೂರು ದಿನ ಒಳಕೋಣೆಯಲ್ಲಿ ಕೂತು ಹನ್ನೆರಡನ್ನು ಅಭ್ಯಾಸ ಮಾಡಿದರೆಂದು ಅವರ ಮೊಮ್ಮಗಳು ಪ್ರಮಿತಾ ಆಮೇಲೆ ಬಾವಿಯ ಹತ್ತಿರ ಹೇಳಿದಳು.

ಇಪ್ಪತ್ತಾರರ ಬೆಳಿಗ್ಗೆ ಅಮೃತಪ್ಪ ಕ್ಷೌರ ಮಾಡಿಸಿಕೊಂಡಿರಲಿಲ್ಲ. ಧೋತರವನ್ನು ಮಾತ್ರ ಸುಂದರಬಾಯಿ ತೊಳೆದಿಟ್ಟಿದ್ದಳು. ಅವನು ಅದನ್ನು ನೋಡುತ್ತ ಸ್ವಲ್ಪ ಹೊತ್ತು ಕೂತು, ಉಟ್ಟುಕೊಂಡು ಹೊರಟ. ಮಗ ಮೋಟರ್‌ಸೈಕಲ್ ತಳ್ಳಿಕೊಂಡು ಇಪ್ಪತ್ತು ಹೆಜ್ಜೆ ಹಿಂದೆ ಬಂದ. ಪಂಚಾಯ್ತಿಯ ಮುಂದೆ ಜನ ದಶರಥನಿಗೆ ಜಾಗ ಬಿಟ್ಟರು, ಬೇಕಾದ್ದಕ್ಕಿಂತ ಹೆಚ್ಚು. ಬೇವಿನ ಗಿಡದ ಕೆಳಗೆ ಒಂಟಿಯಾಗಿ ನಿಂತ.

ಧ್ವಜ ಏರಿತು. ಮಾಸ್ತರರನ್ನು ಕೈ ಹಿಡಿದು ಕಲ್ಲಿನ ಬಳಿ ನಿಲ್ಲಿಸಿದರು. ಒಂದು, ಎರಡು, ಮೂರು. ಹೆಸರು, ಹಾಜರ್, ಹೆಸರು, ಹಾಜರ್. ಎಂಟನೆಯದಕ್ಕೆ ಹಾಜರ್ ಬಂತು. ಮಾಸ್ತರರು ಬಾಯಿ ತೆರೆದರು. ಶಬ್ದ ಹೊರಡಲಿಲ್ಲ.

ಅವರು ಮತ್ತೆ ಮೊದಲಿನಿಂದ ಹಿಡಿದರು. ಮನೆಯವರು ಮತ್ತೆ ಉತ್ತರ ಕೊಟ್ಟರು. ಎಂಟರ ತನಕ ಬಂದು ಮತ್ತೆ ಅಲ್ಲಿಯೇ ನಿಂತರು. ಹಿಂದಿನಿಂದ ಯಾರೋ, "ಮಾಸ್ತರ ಗಾಡಿ ಪಂಕ್ಚರ್ ಆಯ್ತು" ಎಂದ. ಒಂದಿಷ್ಟು ನಗು ಎದ್ದಿತು. "ಹತ್ತನೇದು ಹೇಳ್ರಿ, ಹತ್ತನೇದು" ಎಂದು ಅಧ್ಯಕ್ಷ ಪಿಸುಗುಟ್ಟಿದ. ಹತ್ತನೆಯದು ಯಾವುದೆಂದು ಅವನಿಗೆ ನೆನಪಿರಲಿಲ್ಲ. ಓದಿ ಹೇಳಲೆಂದು ಕಲ್ಲಿನ ಕಡೆ ತಿರುಗಿದರೆ ಚೆಂಡುಹೂವಿನ ಮಾಲೆ ಅರ್ಧ ಹೆಸರುಗಳನ್ನು ಮುಚ್ಚಿತ್ತು. ಅವನು ಮಾಲೆಯನ್ನು ಸರಿಸುತ್ತಿರುವಾಗಲೇ ಮಾಸ್ತರರು ಮೂರನೆಯ ಸಲ ಮೊದಲಿನಿಂದ ಹೊರಟಿದ್ದರು, ಈ ಸಲ ವೇಗವಾಗಿ, ಉತ್ತರಗಳಿಗೂ ಕಾಯದೆ. ಇಳಿಜಾರಿನಲ್ಲಿ ಬಿಟ್ಟ ಗಾಲಿಯ ಹಾಗೆ ನಾಲಿಗೆ ಎಂಟನ್ನು ದಾಟಿತು.

"ನಾಯಕ್ ದಶರಥ ಅಮೃತಪ್ಪ."

ಹೇಳಿದ ಮೇಲೆಯೇ ಅವರಿಗೆ ತಿಳಿಯಿತು. ಕುರುಡುಗಣ್ಣುಗಳು ಎರಡು ಸಲ ರೆಪ್ಪೆ ಬಡಿದವು. ಆದರೆ ಮುಂದಕ್ಕೆ ಹೋಗಲು ಅವರಿಗೊಂದು ಹಾಜರ್ ಬೇಕಾಗಿತ್ತು. ಅವರು ಕಾದರು.

ಎಲ್ಲರೂ ಅಮೃತಪ್ಪನನ್ನು ನೋಡಿದರು. ದಶರಥನೂ ನೋಡಿದ. ಅಪ್ಪ ಒಮ್ಮೆ ತಲೆ ಎತ್ತಿ ಕಲ್ಲನ್ನು ನೋಡಿದ. ಅಷ್ಟೇ. ಆಮೇಲೆ ಅವನು ತನ್ನ ಚಪ್ಪಲಿಗಳನ್ನು ನೋಡತೊಡಗಿದ. ಧ್ವಜದ ಹಗ್ಗ ಕಂಬಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ದಶರಥ ತಾನೇ ಉತ್ತರ ಕೊಡುವಂತಿರಲಿಲ್ಲ. ಕೊಡಬಹುದೆಂಬ ಯೋಚನೆಯೂ ಅವನಿಗೆ ಬರಲಿಲ್ಲ.

ಸಾಲಿನಲ್ಲಿ ಮುಂದೆ ನಿಂತಿದ್ದವಳು ಹತ್ತನೆಯ ಹೆಸರಿನ ತಾಯಿ, ಶರಣಬಸಮ್ಮ. ಅವಳ ಮಗ ಸಿದ್ರಾಮನನ್ನು ಭರತಿಗೆ ಕರೆದೊಯ್ದವನು ದಶರಥ. ಮಗ ಹಿಮದಡಿ ಸಿಕ್ಕಿ ಸತ್ತ ಮೇಲೆ, ಏಳು ವರ್ಷ, ಅವಳು ದಶರಥನ ಮುಖ ನೋಡಿ ಮಾತಾಡಿಲ್ಲ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗದರಿದಳು.

"ಹಾಜರ್ ಅದಾನಲ್ರಿ! ಅಕಾ ಅಲ್ಲಿ ಬೇವಿನ ಗಿಡದ ಬುಡಕ ನಿಂತಾನ, ಯಾರಿಗೂ ಕಾಣವಲ್ಲನೇನು? ಮಾಸ್ತರ್, ಮುಂದಿಂದು ಹೇಳ್ರಿ. ನನ್ನ ಮಗ ಕಾಯಾಕತ್ತಾನ."

"ಸಿಪಾಯಿ ಸಿದ್ರಾಮ ಶಿವಶರಣಪ್ಪ," ಎಂದರು ಮಾಸ್ತರರು, ದಾರಿ ಸಿಕ್ಕವರ ಹಾಗೆ.

"ಹಾಜರ್," ಎಂದಳು ಶರಣಬಸಮ್ಮ.

ಹನ್ನೊಂದಕ್ಕೆ ರಮೇಶಕುಮಾರನ ಹೆಂಡತಿ ಭಾಗ್ಯ ಸಣ್ಣಗೆ ಹಾಜರ್ ಎಂದಳು. ಹನ್ನೆರಡು, ಹದಿಮೂರು. ಮುಗಿಯಿತು. ದಶರಥ ಆಗ ಕೆಳಗೆ ನೋಡಿಕೊಂಡ. ಹಿಮ್ಮಡಿಗಳು ಕೂಡಿದ್ದವು, ಹೆಬ್ಬೆರಳುಗಳು ಪ್ಯಾಂಟಿನ ಹೊಲಿಗೆಗೆ ಒತ್ತಿದ್ದವು. ಯಾವಾಗ ಹಾಗೆ ನಿಂತನೆಂದು ಅವನಿಗೆ ತಿಳಿಯಲಿಲ್ಲ. ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಪೊಟ್ಟಣಗಳನ್ನು ಉತ್ತರ ಕೊಟ್ಟವರ ಕ್ರಮದಲ್ಲಿ ಹಂಚಿದರು. ಎರಡು ಹೆಸರಿಗೆ ಉತ್ತರ ಕೊಟ್ಟ ಶರಣಬಸಮ್ಮನ ಕೈಗೆ ಎರಡು ಬಂದವು. ಅಧ್ಯಕ್ಷ ಹನ್ನೆರಡೇ ತರಿಸಿದ್ದರಿಂದ ಹದಿಮೂರನೆಯ ಮನೆಗೆ ಇಲ್ಲವಾಗಿ, ಅಲ್ಲೊಂದು ತಕರಾರು ಎದ್ದು, ಜನರ ಗಮನ ಅತ್ತ ಹೋಯಿತು. ಅಮೃತಪ್ಪ ಯಾರೊಡನೆಯೂ ಮಾತಾಡದೆ ಮನೆಯ ಕಡೆ ನಡೆದ. ಶರಣಬಸಮ್ಮ ಹೋಗುವ ದಾರಿಯಲ್ಲಿ ದಶರಥನ ಮೋಟರ್‌ಸೈಕಲ್ ನಿಂತಿತ್ತು. ಒಂದು ಪೊಟ್ಟಣವನ್ನು ಅದರ ಸೀಟಿನ ಮೇಲೆ ಇಟ್ಟಳು; ಅವನ ಕಡೆ ನೋಡಲಿಲ್ಲ, ನಿಲ್ಲಲೂ ಇಲ್ಲ.

ಹನ್ನೊಂದು ಗಂಟೆಗೆ ಅವನು ಕಾಟಾದಲ್ಲಿದ್ದ. ಹಬ್ಬದ ದಿನವೆಂದು ಲಾರಿ ಕಡಿಮೆ.

"ಏನಾಯ್ತು?" ಗುಲಾಮ್ ರಸೂಲ್ ಕೇಳಿದ.

"ಓದಿದ್ರು."

"ನಿಮ್ಮಪ್ಪ?"

"ಇಲ್ಲ. ಸಿದ್ರಾಮನ ಅವ್ವ ಹೇಳಿದ್ಲು."

ಗುಲಾಮ್ ರಸೂಲ್ ಪೊಟ್ಟಣ ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡ, ಉಳಿದದ್ದನ್ನು ಅವನ ಮುಂದೆ ಸರಿಸಿದ. "ತಿನ್ನು ಭಾಯ್. ಯಾಲಕ್ಕಿ ಭಾಳ ಹಾಕ್ಯಾರ." ದಶರಥ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದ. ಸಿಹಿ ಇದ್ದಿರಬೇಕು. ವಾಡಿಯ ಕಡೆಯಿಂದ ಕಲ್ಲು ಹೇರಿಕೊಂಡ ಲಾರಿಯೊಂದು ತಿರುವಿನಲ್ಲಿ ಕಾಣಿಸಿ, ನಿಧಾನವಾಗಿ ಬಂದು ತಗಡಿನ ಮೇಲೆ ನಿಂತಿತು. ಅವನು ಕೈ ಒರೆಸಿಕೊಂಡು ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಡ್ರೈವರ್ ಇಳೀರಿ."